ಎಡಗೈಯವನಿಗೊಂದು ಪಿಸ್ತೂಲು

ಗಾಜಿನ ಪೆಟ್ಟಿಗೆಯೊಳಗೆ ಎರಡು ಪಿಸ್ತೂಲು ಅಕ್ಕಪಕ್ಕ ಮಲಗಿದ್ದವು. ಎರಡೂ ಗ್ಲಾಕ್ 19. ಎರಡೂ ಕಪ್ಪು. ದೂರದಿಂದ ನೋಡಿದರೆ ಅವಳಿ ಜವಳಿ. ಒಂದರ ಮುಂದೆ ಬೆಲೆ ಚೀಟಿ ಇತ್ತು, 499 ಡಾಲರ್. ಇನ್ನೊಂದರ ಮುಂದೆ ಬೆಲೆಯ ಜೊತೆಗೆ ಕೆಂಪು ಬಣ್ಣದ ಚೀಟಿ, ‘ಪೊಲೀಸರಿಗೆ ಮಾತ್ರ’ ಅಂತ. ನನಗೆ ಬೇಕಾಗಿದ್ದು ಕೆಂಪು ಚೀಟಿಯದ್ದು.

ನಾನು ಎಡಚ. ಊಟ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಎಡಗೈಯಲ್ಲೇ. ಊಟಕ್ಕೆ ಬಲಗೈ ಬಂದದ್ದು ಅಜ್ಜಿಯ ಏಟಿನಿಂದ. ಈ ಕಥೆಯಲ್ಲಿ ಅದೇ ಮುಖ್ಯ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಊರು ಪೊನ್ನಂಪೇಟೆ ಕಡೆ. ಕೊಡಗಿನವರ ಮನೆಯಲ್ಲಿ ಕೋವಿ ಇರುವುದು ದೊಡ್ಡ ಸುದ್ದಿ ಅಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಸದ್ದು ಎಣಿಸಿಯೇ ಆಚೆ ಮನೆಯವರಿಗೆ ವಿಷಯ ಗೊತ್ತಾಗುತ್ತಿತ್ತು. ಬ್ರಿಟಿಷರು 1861ರಲ್ಲಿ ಕೊಡವರಿಗೆ ಕೊಟ್ಟ ಕೋವಿ ವಿನಾಯಿತಿ ಇವತ್ತಿಗೂ ನಡೆದುಕೊಂಡು ಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಹಾಗಾಗಿ ‘ಕೋವಿ ಇಟ್ಟುಕೊಳ್ಳೋದಕ್ಕೆ ಯಾರನ್ನೋ ಕೇಳಬೇಕು’ ಅನ್ನೋ ಯೋಚನೆಯೇ ನಮ್ಮ ಮನೆಯಲ್ಲಿ ಇರಲಿಲ್ಲ. ಸೆಪ್ಟೆಂಬರ್ 3ಕ್ಕೆ ಕೈಲ್ ಪೋಳ್ದ್ ಬಂದರೆ ಕೋವಿ, ಕತ್ತಿ ಎಲ್ಲ ತೊಳೆದು ಒರೆಸಿ, ನಳಿಕೆಯ ಬಾಯಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ. ಆಮೇಲೆ ಕಡಂಬುಟ್ಟು, ಪಂದಿ ಕರಿ ಊಟ. ಅದಾದ ಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ.

ಮೊದಲ ಸಲ ಆ ಪಂದ್ಯಕ್ಕೆ ನಿಂತಾಗ ಅಪ್ಪನ ಜೋಡಿ ನಳಿಕೆ ಕೋವಿಯನ್ನು ಎಡ ಭುಜಕ್ಕೆ ಒತ್ತಿಕೊಂಡೆ. ನೆರೆದವರೆಲ್ಲ ನಕ್ಕರು. ಅಪ್ಪ ನಗಲಿಲ್ಲ. ಕಾಯಿ ಒಡೆಯಲಿಲ್ಲ, ಅದು ಬೇರೆ ಮಾತು.

ಈಗ ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ. ಎಚ್‌-1ಬಿ ವೀಸಾದಲ್ಲಿದ್ದ ಕಾಲಕ್ಕೆ ಕೋವಿ ಕೊಳ್ಳುವ ಮಾತೇ ಬರಲಿಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವು ಕಾರಣ ಬಿಟ್ಟರೆ ಆ ವೀಸಾದವರು ಕೋವಿ ಇಟ್ಟುಕೊಳ್ಳುವುದು ಇಡೀ ಅಮೆರಿಕದಲ್ಲೇ ಅಪರಾಧ. ಇಲ್ಲಿಗೆ ಹೊಸದಾಗಿ ಬಂದ ನಮ್ಮ ಹುಡುಗರಿಗೆ ಇದು ಗೊತ್ತಿರಲಿ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಳ್ಳಬಹುದು. ನಾನು ಹೋದ ವರ್ಷ ಪೌರತ್ವವನ್ನೇ ತೆಗೆದುಕೊಂಡೆ.

ಆಸೆ ಹುಟ್ಟಿದ್ದು ರೀನೋದಲ್ಲಿ. 2025ರ ಜೂನ್‌ನಲ್ಲಿ ಆಫೀಸಿನವರ ಜೊತೆ ಸುಮ್ನೆ ಸುತ್ತಾಡಲು ಹೋಗಿದ್ದೆ. ನಮ್ಮ ಮನೆಯಿಂದ ಗುಡ್ಡ ಹತ್ತಿ ಇಳಿದರೆ ಎರಡೂವರೆ ಗಂಟೆ ದಾರಿ, ಆದರೆ ರಾಜ್ಯ ಬೇರೆ, ನೆವಾಡಾ. ಅಲ್ಲಿನ ಒಂದು ಶೂಟಿಂಗ್ ರೇಂಜಿನಲ್ಲಿ ಪಿಸ್ತೂಲು ಬಾಡಿಗೆಗೆ ಕೊಡುತ್ತಿದ್ದರು. ನನ್ನ ಎಡಗೈ ನೋಡಿ ಅಲ್ಲಿನ ಹುಡುಗಿ ಗ್ಲಾಕ್ 19 ಐದನೇ ತಲೆಮಾರಿನದ್ದು ತಂದುಕೊಟ್ಟಳು. ‘ಜೆನ್ 5’ ಅನ್ನುತ್ತಾರೆ. ಮ್ಯಾಗಜಿನ್, ಅಂದರೆ ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ, ಅದನ್ನು ಬಿಡಿಸುವ ಗುಂಡಿಯನ್ನು ಬಲಬದಿಗೆ ತಿರುಗಿಸಿ ಕೂರಿಸಿದ್ದರು. ಸ್ಲೈಡ್ ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ, ಅದನ್ನು ಹಿಡಿದು ನಿಲ್ಲಿಸುವ ಸಣ್ಣ ಲಿವರ್ ಎರಡೂ ಬದಿಗೆ ಇತ್ತು.

ಬಲಗೈಯವರಿಗೆ ಇದು ಏನು ಮಹಾ ಅನ್ನಿಸಬಹುದು. ಪಿಸ್ತೂಲಿನ ಗುಂಡಿ, ಲಿವರ್ ಎಲ್ಲ ಸಾಮಾನ್ಯವಾಗಿ ಎಡಬದಿಯಲ್ಲಿರುತ್ತವೆ. ಬಲಗೈಯಲ್ಲಿ ಹಿಡಿದವನಿಗೆ ಅಲ್ಲಿ ಹೆಬ್ಬೆರಳು ಬರುತ್ತದೆ. ಎಡಗೈಯಲ್ಲಿ ಹಿಡಿದವನಿಗೆ ಅಲ್ಲಿ ಬರುವುದು ತೋರುಬೆರಳು. ಅಂದರೆ ಟ್ರಿಗರ್ ಎಳೆಯುವ ಬೆರಳು. ಕೋವಿ ಹಿಡಿಯಲು ಕಲಿಸುವಾಗ ಎಲ್ಲರೂ ಹೇಳುವ ಮೊದಲ ಪಾಠ ಏನು? ಹೊಡೆಯುವ ತನಕ ಆ ಬೆರಳು ನೆಟ್ಟಗೆ, ಟ್ರಿಗರ್‌ನಿಂದ ಆಚೆ, ಅಲುಗಾಡದೆ ಇರಬೇಕು. ಎಡಚನ ಪಾಡು ನೋಡಿ, ಆ ಒಂದೇ ಬೆರಳು ಮ್ಯಾಗಜಿನ್ ಬಿಡಿಸಬೇಕು, ಲಿವರ್ ಎತ್ತಬೇಕು, ಇಳಿಸಬೇಕು, ಮತ್ತೆ ನೆಟ್ಟಗೆ ನಿಲ್ಲಬೇಕು. ರೀನೋದಲ್ಲಿ ಮೊದಲ ಸಲ ಆ ಕೆಲಸವನ್ನೆಲ್ಲ ನನ್ನ ಹೆಬ್ಬೆರಳು ಮಾಡಿತು. ತೋರುಬೆರಳು ಸುಮ್ಮನೆ ಮಲಗಿತ್ತು. ಕತ್ತರಿಯನ್ನು ನಲವತ್ತು ವರ್ಷ ಉಲ್ಟಾ ಹಿಡಿದವನಿಗೆ ಎಡಗೈ ಕತ್ತರಿ ಸಿಕ್ಕಿದ ಹಾಗಾಯಿತು.

ಇದನ್ನೇ ಕೊಳ್ಳುತ್ತೇನೆ ಅಂದೆ. ಪಕ್ಕದಲ್ಲೇ ಅಂಗಡಿ, ಬೆಲೆ 550ರ ಹತ್ತಿರ. ನನ್ನ ಡ್ರೈವಿಂಗ್ ಲೈಸೆನ್ಸ್ ನೋಡಿದ ಕೂಡಲೇ ಅವಳು ಅದನ್ನು ವಾಪಸ್ ನನ್ನ ಕಡೆ ತಳ್ಳಿದಳು. ‘ಕ್ಯಾಲಿಫೋರ್ನಿಯಾ! ಆಗಲ್ಲ.’ ಬೇರೆ ರಾಜ್ಯದವನಿಗೆ ಅಂಗಡಿಯವರು ಪಿಸ್ತೂಲು ಕೈಗೆ ಕೊಡುವ ಹಾಗಿಲ್ಲ, ಅದು ಕೇಂದ್ರದ ಕಾನೂನು. ನಮ್ಮ ರಾಜ್ಯದ ಅಂಗಡಿಗೆ ಕಳಿಸಬೇಕು, ಅಲ್ಲಿಂದ ನಾನು ತೆಗೆದುಕೊಳ್ಳಬೇಕು. ‘ಹಾಗಾದರೆ ಕಳಿಸಿ’ ಅಂದೆ. ಅವಳು ನಕ್ಕಳು. ‘ನಿಮ್ಮವರು ತೆಗೆದುಕೊಳ್ಳಲ್ಲ. ಅದು ನಿಮ್ಮ ಪಟ್ಟಿಯಲ್ಲಿಲ್ಲ.’

ಪಟ್ಟಿ ಅನ್ನುವ ಮಾತು ಕೇಳಿದ್ದು ಅದೇ ಮೊದಲು.

ಆಗಸ್ಟ್ 16, ಶನಿವಾರ, ನಮ್ಮೂರಿನ ಒಂದು ಅಂಗಡಿಗೆ ಹೋದೆ. ಕೌಂಟರಿನಲ್ಲಿ ಬಿಳಿ ಜುಟ್ಟಿನ ಹಿರಿಯರೊಬ್ಬರು. ಮೂವತ್ತು ವರ್ಷದಿಂದ ಇದೇ ಕೆಲಸವಂತೆ. ಗಾಜಿನ ಪೆಟ್ಟಿಗೆಯ ಎರಡು ಗ್ಲಾಕ್‌ಗಳನ್ನು ನಾನು ನೋಡುತ್ತಾ ನಿಂತಿದ್ದು ಕಂಡು ಅವರೇ ಬಂದರು. ಬೆಲೆ ಚೀಟಿ ಮಾತ್ರ ಇದ್ದದ್ದು ಜೆನ್ 3. ಕೆಂಪು ಚೀಟಿಯದ್ದು ಜೆನ್ 5. ಜೆನ್ 5 ಹೊರಬಂದದ್ದು 2017ರಲ್ಲಿ, ಜೆನ್ 3 ಅದಕ್ಕಿಂತ ಸುಮಾರು ಇಪ್ಪತ್ತು ವರ್ಷ ಹಳೆಯ ಮಾದರಿ. ಕಾರಿಗೆ ಹೋಲಿಸಿದರೆ, ಶೋರೂಮಿನಲ್ಲಿ ನಿಮಗೆ ಹೊಚ್ಚ ಹೊಸ ಮಾರುತಿ ಝೆನ್ ಮಾತ್ರ ಮಾರುತ್ತೇವೆ ಅಂದ ಹಾಗೆ.

‘ಹೊಸದರಲ್ಲಿ ಏನು ಅಪಾಯ ಕಂಡಿತು ರಾಜ್ಯಕ್ಕೆ?’ ಅಂದೆ.

‘ಹೊಸದರಲ್ಲಿ ಅಪಾಯ ಇದೆ ಅಂತ ಯಾರೂ ಹೇಳಲಿಲ್ಲ. ಅದು ಪಟ್ಟಿಯಲ್ಲಿ ಇಲ್ಲ, ಅಷ್ಟೇ’ ಅಂದರು. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತರು. ಬೆಳಿಗ್ಗೆ ಗಿರಾಕಿ ಕಡಿಮೆ ಇದ್ದರು ಅಂತ ಕಾಣುತ್ತೆ.

ಅವರು ಹೇಳಿದ್ದು, ಆಮೇಲೆ ನಾನು ಓದಿ ತಿಳಿದದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ಕೆಲವು ಕಂಪನಿಗಳು ತೀರಾ ಅಗ್ಗದ ಪಿಸ್ತೂಲು ಮಾಡುತ್ತಿದ್ದವು. ಕೈಜಾರಿ ಬಿದ್ದರೆ ಹಾರುವಂಥ ಕಳಪೆ ಮಾಲು. ಅದನ್ನು ತಡೆಯಲು 1999ರಲ್ಲಿ ರಾಜ್ಯ ಒಂದು ಕಾಯ್ದೆ ಮಾಡಿತು. 2001ರ ಜನವರಿ 1ರಿಂದ ರಾಜ್ಯದ ನ್ಯಾಯ ಇಲಾಖೆಯ ಪಟ್ಟಿಯಲ್ಲಿ ಇಲ್ಲದ ಪಿಸ್ತೂಲನ್ನು ಅಂಗಡಿಯವರು ಸಾಮಾನ್ಯ ಜನಕ್ಕೆ ಮಾರುವ ಹಾಗಿಲ್ಲ. ಇಲ್ಲಿನವರು ಅದನ್ನು ‘ರೋಸ್ಟರ್’ ಅನ್ನುತ್ತಾರೆ. ಪಟ್ಟಿಗೆ ಸೇರಲು ಪರೀಕ್ಷೆ ಇದೆ. ಒಂದೇ ಮಾದರಿಯ ಮೂರು ಪಿಸ್ತೂಲು ತಂದು ಒಂದೊಂದರಲ್ಲೂ 600 ಗುಂಡು ಹಾರಿಸುತ್ತಾರೆ. ಆರಕ್ಕಿಂತ ಹೆಚ್ಚು ಸಲ ಕೈಕೊಟ್ಟರೆ ಫೇಲ್. ಆಮೇಲೆ ಒಂದು ಮೀಟರ್ ಎತ್ತರದಿಂದ ಕಾಂಕ್ರೀಟ್ ಮೇಲೆ ಬೇರೆ ಬೇರೆ ಮಗ್ಗುಲಾಗಿ ಬೀಳಿಸುತ್ತಾರೆ. ಹಾರಿದರೆ ಫೇಲ್.

ಇಲ್ಲಿಯವರೆಗೆ ನನಗೆ ಏನೂ ತಕರಾರಿಲ್ಲ. ಒಳ್ಳೆಯ ಕೆಲಸ. ಕುಕ್ಕರಿಗೆ ಐಎಸ್‌ಐ ಮುದ್ರೆ ಕೇಳುವ ನಾವು ಪಿಸ್ತೂಲಿಗೆ ಕೇಳದಿದ್ದರೆ ಹೇಗೆ?

ಆಮೇಲೆ ಶುರುವಾಯಿತು ನೋಡಿ. 2007ರಿಂದ ಹೊಸದಾಗಿ ಪಟ್ಟಿಗೆ ಸೇರುವ ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿಗೆ, ಅಂದರೆ ಒಂದು ಗುಂಡು ಹಾರಿದ ಮೇಲೆ ಮುಂದಿನದು ತಾನೇ ಬಂದು ಕೂರುವಂಥದ್ದಕ್ಕೆ, ಎರಡು ಸೌಲಭ್ಯ ಕಡ್ಡಾಯವಾಯಿತು. ಒಳಗೆ ಗುಂಡು ಇದೆ ಅಂತ ಹೊರಗೇ ತೋರಿಸುವ ಗುರುತು ಒಂದು, ಮ್ಯಾಗಜಿನ್ ತೆಗೆದರೆ ಹಾರದಂತೆ ತಡೆಯುವ ಏರ್ಪಾಡು ಇನ್ನೊಂದು. 2013ರ ಮೇ ತಿಂಗಳಲ್ಲಿ ಮೂರನೆಯದ್ದೂ ಬಂತು, ಮೈಕ್ರೋಸ್ಟ್ಯಾಂಪಿಂಗ್. ಪಿಸ್ತೂಲು ಹಾರಿದಾಗ ಕಾಡತೂಸಿನ ಖಾಲಿ ಕೊಳವೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ನಂಬರು ಒತ್ತಬೇಕು. ಪೊಲೀಸರಿಗೆ ಆ ಕೊಳವೆ ಸಿಕ್ಕರೆ ಸಾಕು, ಯಾವ ಪಿಸ್ತೂಲು ಅಂತ ಗೊತ್ತಾಗುತ್ತದೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಅಂಥ ಪಿಸ್ತೂಲನ್ನು ಯಾರೂ ಮಾಡಿ ಮಾರಲಿಲ್ಲ. ಆ ನಿಯಮ ಜಾರಿಗೆ ಬರಲು ಬೇಕಿದ್ದ ಪ್ರಮಾಣಪತ್ರ ಕೊಟ್ಟವರು ಆಗ ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಕಮಲಾ ಹ್ಯಾರಿಸ್. ಅವರೇ 2024ರ ಚುನಾವಣೆ ಹೊತ್ತಿಗೆ ಟಿವಿಯಲ್ಲಿ ತಮ್ಮ ಹತ್ತಿರ ಗ್ಲಾಕ್ ಇದೆ ಅಂದರು. ಯಾವ ಜೆನ್ ಅಂತ ಯಾರೂ ಕೇಳಲಿಲ್ಲ. ನನಗೆ ಕೇಳಬೇಕು ಅನ್ನಿಸಿತ್ತು.

ಆಮೇಲೆ ಹತ್ತು ವರ್ಷ, 2013ರಿಂದ 2023ರವರೆಗೆ, ಒಂದೇ ಒಂದು ಹೊಸ ಸೆಮಿ ಆಟೋಮ್ಯಾಟಿಕ್ ಮಾದರಿ ಪಟ್ಟಿಗೆ ಸೇರಲಿಲ್ಲ. ಇದ್ದವು ಒಂದೊಂದಾಗಿ ಉದುರುತ್ತಾ ಹೋದವು. ಯಾಕೆಂದರೆ ಕಂಪನಿ ಪ್ರತಿ ವರ್ಷ ಫೀಸು ಕಟ್ಟಿ ಹೆಸರು ಉಳಿಸಿಕೊಳ್ಳಬೇಕು, ಕಟ್ಟದಿದ್ದರೆ ಆ ಮಾದರಿ ಹೊರಗೆ. ಸಾಲದ್ದಕ್ಕೆ 2020ರಲ್ಲಿ ಇನ್ನೊಂದು ಕಾಯ್ದೆ. ಹೊಸದು ಒಂದು ಸೇರಿದರೆ ಹಳೆಯದು ಮೂರನ್ನು ತೆಗೆಯಬೇಕು ಅಂತ ಅದು ಹೇಳಿತು. ನಮ್ಮ ಕಡೆ ಸೊಸೆ ಮನೆಗೆ ಬಂದಳು ಅಂತ ಮೂವರನ್ನು ಮನೆಯಿಂದ ಕಳಿಸಿದ ಹಾಗೆ!

ಈಗ ಅಸಲಿ ತಮಾಷೆ. ಜೆನ್ 3ರಲ್ಲಿ ಆ ಕಾಯ್ದೆ ಕೇಳುವ ಗುರುತು ಇಲ್ಲ. ಮ್ಯಾಗಜಿನ್ ತೆಗೆದರೆ ಹಾರದಂತೆ ತಡೆಯುವುದೂ ಇಲ್ಲ. ಮೈಕ್ರೋಸ್ಟ್ಯಾಂಪಿಂಗ್ ಅಂತೂ ಇಲ್ಲವೇ ಇಲ್ಲ. ಆದರೂ ಅದನ್ನು ಮಾರಬಹುದು, ಯಾಕೆಂದರೆ ಅದು ನಿಯಮ ಬರುವ ಮೊದಲೇ ಪಟ್ಟಿಯಲ್ಲಿ ಕೂತಿತ್ತು. ಜೆನ್ 5ರಲ್ಲೂ ಆ ಮೂರು ಇಲ್ಲ. ಅದಕ್ಕೇ ಅದು ಅಸುರಕ್ಷಿತ. ಎರಡಕ್ಕೂ ಇರುವ ಕೊರತೆ ಒಂದೇ. ಹೊಸದರಲ್ಲಿ ಜಾಸ್ತಿ ಇರುವುದು ನನ್ನ ಎಡಗೈಗೆ ಬೇಕಾದ ಲಿವರ್, ಗುಂಡಿ. ಅದೇ ಸಿಗಲ್ಲ.

‘ಪೊಲೀಸರು ಕೊಳ್ಳಬಹುದು ಅಲ್ವಾ? ಅವರ ಕೈಯಲ್ಲಿ ಸುರಕ್ಷಿತವಾ?’ ಅಂದೆ. ಹಿರಿಯರು ಭುಜ ಹಾರಿಸಿದರು.

ಬೇರೆ ದಾರಿ ಇಲ್ಲವಾ ಅಂತ ಕೇಳಿದೆ. ಇದೆ, ಅದೂ ಒಂದಲ್ಲ. ಬೇರೆ ರಾಜ್ಯದಿಂದ ಕ್ಯಾಲಿಫೋರ್ನಿಯಾಕ್ಕೆ ಮನೆ ಬದಲಾಯಿಸಿಕೊಂಡು ಬರುವವನು ಪಟ್ಟಿಯಲ್ಲಿ ಇಲ್ಲದ್ದನ್ನೂ ತರಬಹುದು, 60 ದಿನದೊಳಗೆ ರಾಜ್ಯಕ್ಕೆ ತಿಳಿಸಿದರಾಯಿತು. ಅಪ್ಪ ಅಮ್ಮ, ಅಜ್ಜ ಅಜ್ಜಿ ಕೊಟ್ಟರೆ ಪಟ್ಟಿ ಅಡ್ಡ ಬರಲ್ಲ. ಟೆಕ್ಸಾಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗನ ಹತ್ತಿರ ಜೆನ್ 5 ಇದೆ. ಅವನಿಗೆ ಫೋನ್ ಮಾಡಿದಾಗ ‘ಅಣ್ಣಾ, ನನ್ನದನ್ನೇ ಕಳಿಸಿಬಿಡ್ತೀನಿ, ತಗೊಳಿ’ ಅಂದ. ಆದರೆ ಚಿಕ್ಕಪ್ಪನ ಮಗ ಈ ಲೆಕ್ಕದಲ್ಲಿ ಸಂಬಂಧಿಕನೇ ಅಲ್ಲ. ನಮ್ಮಲ್ಲಿ ಒಂದೇ ಒಕ್ಕ, ಒಂದೇ ಮನೆ ಹೆಸರು. ಇಲ್ಲಿನ ಕಾನೂನಿಗೆ ಅವನು ಯಾರೋ.

ಇನ್ನೊಂದು ದಾರಿ ಸೆಕೆಂಡ್ ಹ್ಯಾಂಡ್. ರಾಜ್ಯದೊಳಗೇ ಇರುವ ಪಿಸ್ತೂಲನ್ನು ಒಬ್ಬರಿಂದ ಒಬ್ಬರು ಅಂಗಡಿಯ ಮೂಲಕ ಕೊಳ್ಳಬಹುದು, ಪಟ್ಟಿಯ ಹಂಗಿಲ್ಲ. ಗುರುತಿನವರೊಬ್ಬರ ಹತ್ತಿರ ಒಂದು ಜೆನ್ 5 ಇತ್ತು. 1,100 ಡಾಲರ್ ಕೇಳಿದರು. ರೀನೋದ ಹೊಸದರ ಎರಡು ಪಟ್ಟು! ‘ಮಾರ್ಕೆಟ್ ರೇಟೇ ಅಷ್ಟು’ ಅಂದರು. ಸುಳ್ಳಲ್ಲ. ಅಂಗಡಿಯಲ್ಲಿ ಸಿಗದ ವಸ್ತುವಿಗೆ ಹೊರಗೆ ಬೆಲೆ ಏರುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಸ್ಕೂಟರಿಗೆ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ನಮ್ಮ ಅಪ್ಪ ಹಳೆಯ ಸ್ಕೂಟರಿಗೆ ಹೊಸದರ ಬೆಲೆಗಿಂತ ಜಾಸ್ತಿ ಕೊಟ್ಟಿದ್ದರು. ಆದರೆ ಪೆಟ್ಟಿಗೆ ಒಡೆಯದ ಹೊಸ ಜೆನ್ 5 ಅಪಾಯ, ಯಾರೋ ನಾಲ್ಕು ವರ್ಷ ಬಳಸಿದ ಜೆನ್ 5 ಪರವಾಗಿಲ್ಲ ಅನ್ನುವುದು ಯಾವ ಸುರಕ್ಷತೆಯ ಲೆಕ್ಕ? ಕಾನೂನು ಪ್ರಕಾರವೇ ಇತ್ತು, ಕೊಳ್ಳಬಹುದಿತ್ತು. ದುಡ್ಡಿಗಿಂತ ಹೊಟ್ಟೆ ಉರಿ ಜಾಸ್ತಿಯಾಗಿ ಬಿಟ್ಟೆ.

ಹಿರಿಯರು ಪಟ್ಟಿಗೆ ಹೊಸದಾಗಿ ಸೇರಿದ ಒಂದೆರಡು ಮಾದರಿ ತೋರಿಸಿದರು. 2023ರ ಮಾರ್ಚ್‌ನಲ್ಲಿ ಇಲ್ಲಿನ ಫೆಡರಲ್ ನ್ಯಾಯಾಧೀಶ ಕೊರ್ಮ್ಯಾಕ್ ಕಾರ್ನಿ ಈ ಮೂರೂ ನಿಯಮಗಳಿಗೆ ತಡೆ ಕೊಟ್ಟಿದ್ದರು. ಮೂರೂ ಸೌಲಭ್ಯ ಇರುವ ಪಿಸ್ತೂಲು ಪ್ರಪಂಚದಲ್ಲೇ ಎಲ್ಲೂ ಸಿಗಲ್ಲ ಅನ್ನುವುದು ಅವರ ತೀರ್ಪಿನ ಮುಖ್ಯ ಮಾತು. ರಾಜ್ಯ ಮೇಲ್ಮನವಿಗೆ ಹೋಯಿತು, ಮೊದಲ ಎರಡು ನಿಯಮ ಉಳಿದುಕೊಂಡವು. ಮೈಕ್ರೋಸ್ಟ್ಯಾಂಪಿಂಗ್ ಮಾತ್ರ ಸದ್ಯಕ್ಕೆ ಬದಿಗೆ ಸರಿಯಿತು. ಆಮೇಲೆ ಕೆಲವು ಕಂಪನಿಗಳು ಆ ಎರಡು ಸೌಲಭ್ಯ ಸೇರಿಸಿ ಕ್ಯಾಲಿಫೋರ್ನಿಯಾಕ್ಕೆಂದೇ ಹೊಸ ಮಾದರಿ ಮಾಡಿದವು. ಒಂದನ್ನು ಕೈಗೆ ತೆಗೆದುಕೊಂಡು ನೋಡಿದೆ. ಮ್ಯಾಗಜಿನ್ ತೆಗೆದು ಟ್ರಿಗರ್ ಎಳೆದರೆ ಏನೂ ಆಗಲ್ಲ. ನಿಜ ಹೇಳಬೇಕೆಂದರೆ ಅದು ನನಗೆ ಇಷ್ಟವಾಯಿತು. ಮ್ಯಾಗಜಿನ್ ತೆಗೆದೆ, ಖಾಲಿ ಅಂದುಕೊಂಡೆ ಅಂತ ಹೇಳಿ ಆದ ಅನಾಹುತಗಳನ್ನು ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ. ಆದರೆ ಆ ಪಿಸ್ತೂಲು ನನ್ನ ಅಂಗೈಗೆ ತೀರಾ ಚಿಕ್ಕದು, ಕಿರುಬೆರಳು ಗಾಳಿಯಲ್ಲಿ ತೂಗಾಡುತ್ತಿತ್ತು. ಅಲ್ಲಿ ರಿವಾಲ್ವರ್ ಕೂಡ ಇದ್ದವು. ಅವಕ್ಕೆ ಈ ಹೊಸ ನಿಯಮಗಳ ಕಾಟ ಇಲ್ಲ. ಆದರೆ ಅದರ ಗುಂಡಿನ ಗಾಲಿ ಹೊರಳುವುದೂ ಎಡಕ್ಕೇ, ಅದೂ ಬಲಗೈಯವರಿಗೆ ಮಾಡಿದ್ದು.

ಕೊನೆಗೆ 499ರ ಜೆನ್ 3ಕ್ಕೇ ಬಂದು ನಿಂತೆ.

ಅವತ್ತೇ ಪರೀಕ್ಷೆ ಬರೆದೆ. ಪಿಸ್ತೂಲು ಕೊಳ್ಳುವವನ ಹತ್ತಿರ ಸುರಕ್ಷತಾ ಪ್ರಮಾಣಪತ್ರ ಇರಬೇಕು. 25 ಡಾಲರ್, 30 ಪ್ರಶ್ನೆ, 23 ಸರಿ ಇದ್ದರೆ ಪಾಸ್, ಐದು ವರ್ಷ ನಡೆಯುತ್ತದೆ. ಅಂಗಡಿಯ ಮೂಲೆಯಲ್ಲಿ ಒಂದು ಪುಟ್ಟ ಮೇಜು. ನನ್ನ ಪಕ್ಕ ಒಬ್ಬಳು ನರ್ಸ್ ಹುಡುಗಿ, ಡ್ಯೂಟಿ ಬಟ್ಟೆಯಲ್ಲೇ ಬಂದು ಬರೆಯುತ್ತಿದ್ದಳು. ಮಕ್ಕಳ ಕೈಗೆ ಸಿಗದಂತೆ ಎಲ್ಲಿ ಇಡಬೇಕು, ಗುಂಡು ಗುರಿ ದಾಟಿ ಎಲ್ಲಿಗೆ ಹೋಗುತ್ತದೆ ಅಂತೆಲ್ಲ ಪ್ರಶ್ನೆ. ನನಗೆ 28 ಬಂತು. ತಪ್ಪಾದ ಎರಡೂ ಕಾನೂನಿನ ಪ್ರಶ್ನೆಗಳು.

ಪಾಸಾದ ಖುಷಿ ಐದು ನಿಮಿಷ. ವಿಳಾಸಕ್ಕೆ ಪುರಾವೆ ಕೇಳಿದರು. ಪಿಸ್ತೂಲಿಗೆ ಲೈಸೆನ್ಸ್ ಒಂದೇ ಸಾಲದು. ಮೊಬೈಲ್ ಬಿಲ್ ತೆಗೆದುಕೊಂಡು ಹೋಗಿದ್ದೆ. ‘ಮೊಬೈಲ್ ನಡೆಯಲ್ಲ. ಕರೆಂಟ್, ನೀರು, ಗ್ಯಾಸ್ ಇದ್ದರೆ ಕೊಡಿ.’ ಎಲ್ಲಾ ಬಿಲ್ಲೂ ಹೆಂಡತಿ ಹೆಸರಲ್ಲಿ. ಬಾಡಿಗೆ ಅಗ್ರಿಮೆಂಟ್ ಆಗುತ್ತದೆ ಅಂದರು, ಆದರೆ ಫೋನಿನಲ್ಲಿ ತೋರಿಸಿದರೆ ಆಗಲ್ಲ, ಕಾಗದ ಬೇಕು. ಮನೆಗೆ ಫೋನ್ ಮಾಡಿದೆ.

‘ಅಗ್ರಿಮೆಂಟ್ ಎಲ್ಲಿದೆ?’

‘ನೀವೇ ಅಲ್ವಾ ರೀ ಎತ್ತಿಟ್ಟಿದ್ದು? ಇದೇ ಮನೆಯ ಕರೆಂಟ್ ಬಿಲ್ ಒಂದಾದರೂ ಕಟ್ಟಿದ್ದರೆ ನಿಮ್ಮ ಹೆಸರು ಇರ್ತಿತ್ತು’ ಅಂದಳು.

ಒಂದು ವಾರ ಹೋಯಿತು.

ಆಗಸ್ಟ್ 23, ಮತ್ತೆ ಶನಿವಾರ. ಅಗ್ರಿಮೆಂಟ್, ಲೈಸೆನ್ಸ್, ಬೇಕಾಗಬಹುದು ಅಂತ ಪಾಸ್‌ಪೋರ್ಟ್. ಕೋವಿ ಕೊಳ್ಳುವವರು ತುಂಬಬೇಕಾದ ಕೇಂದ್ರದ ಫಾರಂ 4473 ತುಂಬಿದೆ. ರಾಜ್ಯದ ಕಂಪ್ಯೂಟರಿಗೆ ಹಿರಿಯರು ಎರಡು ಬೆರಳಲ್ಲಿ ಟೈಪ್ ಮಾಡಿದರು. ನಮ್ಮ ಮನೆ ಹೆಸರಿನಲ್ಲಿ ಅಕ್ಷರ ಜಾಸ್ತಿ. ಮೂರು ಸಲ ತಪ್ಪಿ, ಅಗ್ರಿಮೆಂಟಿನಲ್ಲಿ ಇರುವುದಕ್ಕೂ ಲೈಸೆನ್ಸಿನಲ್ಲಿ ಇರುವುದಕ್ಕೂ ಒಂದೊಂದೇ ಅಕ್ಷರ ಹೋಲಿಸಿದರು. ಒಂದು ಅಕ್ಷರ ಆಚೀಚೆಯಾದರೂ ವಾಪಸ್ ಬರುತ್ತದಂತೆ. ಬಿಲ್ ಹೀಗಾಯಿತು: ಪಿಸ್ತೂಲಿಗೆ 499, ಅದರ ಮೇಲೆ 2024ರ ಜುಲೈನಿಂದ ಬಂದ 11 ಶೇಕಡ ರಾಜ್ಯ ಸುಂಕ, ಅದರ ಮೇಲೆ ಮಾರಾಟ ತೆರಿಗೆ, ಮೇಲೆ ತಪಾಸಣೆ ಫೀಸು 37 ಡಾಲರ್ 19 ಸೆಂಟ್. ಒಟ್ಟು 640ರ ಹತ್ತಿರ. ಮ್ಯಾಗಜಿನ್‌ನಲ್ಲಿ ಹಿಡಿಯುವುದು 10 ಗುಂಡು, ಬೇರೆ ರಾಜ್ಯದಲ್ಲಾದರೆ ಇದೇ ಪಿಸ್ತೂಲಿಗೆ 15ರದ್ದು ಬರುತ್ತದೆ. ಅದರ ಬಗ್ಗೆ ನನಗೆ ಬೇಸರವಿಲ್ಲ, ತೆಂಗಿನಕಾಯಿಗೆ 10 ಸಾಕು.

ದುಡ್ಡು ಕಟ್ಟಿದ ಮೇಲೆ ಬರಿಗೈಯಲ್ಲಿ ಮನೆಗೆ. ಹತ್ತು ದಿನ ಕಾಯಬೇಕು. ಹತ್ತು ದಿನ ಅಂದರೆ ಹತ್ತು ಪೂರ್ತಿ ದಿನ, ಗಂಟೆ ಲೆಕ್ಕದಲ್ಲಿ. ರಸೀದಿಯಲ್ಲಿ ಮಧ್ಯಾಹ್ನ 2:41 ಅಂತಿತ್ತು. ಅಂದರೆ ಸೆಪ್ಟೆಂಬರ್ 2, ಮಂಗಳವಾರ 2:41ರ ಮೊದಲು ಮುಟ್ಟುವ ಹಾಗಿಲ್ಲ. ಬೆರಳು ಮಡಚಿ ಎಣಿಸಿದೆ. ಕೈಲ್ ಪೋಳ್ದ್‌ನ ಹಿಂದಿನ ದಿನ!

ಆ ಹತ್ತು ದಿನ ನಾನು ಓದಿದ್ದೇ ಓದಿದ್ದು. ಮೇರಿಲ್ಯಾಂಡ್, ಮಸಾಚುಸೆಟ್ಸ್‌ನಲ್ಲೂ ಇಂಥ ಪಟ್ಟಿಗಳಿವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಮ್ಮ ರಾಜ್ಯದ್ದೇ ಒಂದು ಹಳೆಯ ಕೇಸು. 2009ರಲ್ಲಿ ಕೆಲವರು ಈ ಪಟ್ಟಿಯ ವಿರುದ್ಧ ಕೋರ್ಟಿಗೆ ಹೋಗಿದ್ದರು. ಅವರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ. ಗ್ಲಾಕ್ 21ರ ಸಾಮಾನ್ಯ ರೂಪ ಪಟ್ಟಿಯಲ್ಲಿ ಇತ್ತು. ಎರಡೂ ಬದಿಯಿಂದ ಮ್ಯಾಗಜಿನ್ ಬಿಡಿಸಬಹುದಾದ ರೂಪ ಇರಲಿಲ್ಲ. ಅವರು ಕೇಳಿದ್ದು ಅದೊಂದನ್ನೇ. 2018ರಲ್ಲಿ ಮೇಲ್ಮನವಿ ಕೋರ್ಟು ರಾಜ್ಯದ ಪರವಾಗಿ ತೀರ್ಪು ಕೊಟ್ಟಿತು. ನನಗೆ ಎರಡು ಕೈ ಇವೆ, ಅಭ್ಯಾಸದ ಕಷ್ಟ ಅಷ್ಟೇ. ಅವರಿಗೆ ಇದ್ದದ್ದೇ ಒಂದು, ಅದೂ ಎಡಗೈ. ಆ ಪುಟ ಓದಿದ ಮೇಲೆ ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಅದೇ ವಾರ ರಾಜ್ಯದ ಶಾಸಕಾಂಗದಲ್ಲಿ ಇನ್ನೊಂದು ಮಸೂದೆ ಓಡುತ್ತಿತ್ತು, ಎಬಿ 1127. ಹಿಂಭಾಗಕ್ಕೆ ಒಂದು ಸಣ್ಣ ತುಂಡು ಸಿಕ್ಕಿಸಿ ಮೆಷಿನ್ ಗನ್ ಥರ ಮಾಡಿಕೊಳ್ಳಬಹುದಾದ ಪಿಸ್ತೂಲುಗಳನ್ನು ಅಂಗಡಿಯಲ್ಲಿ ಮಾರುವುದನ್ನೇ ನಿಲ್ಲಿಸುವ ಮಸೂದೆ. ಹೆಚ್ಚೂ ಕಡಿಮೆ ಗ್ಲಾಕ್‌ಗೇ ಬರೆದ ಹಾಗಿದೆ. ಆ ತುಂಡು ಹಾಕಿದವರಿಂದ ಆದ ಸಾವುಗಳು ಸಣ್ಣ ವಿಷಯವಲ್ಲ. ನಮ್ಮ ಸ್ಯಾಕ್ರಮೆಂಟೊದಲ್ಲೇ 2022ರ ಏಪ್ರಿಲ್‌ನಲ್ಲಿ ರಾತ್ರಿ ಬೀದಿಯಲ್ಲಿ ಗುಂಡು ಹಾರಿ ಆರು ಜನ ಹೋದರು. ಅಲ್ಲಿ ಸಿಕ್ಕ ಒಂದು ಪಿಸ್ತೂಲು ಹಾಗೆ ಬದಲಾಯಿಸಿದ್ದು. ಆ ತುಂಡು ಮೊದಲಿನಿಂದಲೂ ಕಾನೂನುಬಾಹಿರವೇ. ಅಕ್ಟೋಬರ್‌ನಲ್ಲಿ ಗವರ್ನರ್ ನ್ಯೂಸಮ್ ಸಹಿ ಹಾಕಿದರು. 2026ರ ಜುಲೈ 1ರಿಂದ ಜಾರಿ. ಅಂದರೆ ಪಟ್ಟಿಯಲ್ಲಿ ಸುರಕ್ಷಿತ ಅಂತ ಕೂತಿದ್ದ ನನ್ನ ಜೆನ್ 3 ಕೂಡ ಆ ದಿನದಿಂದ ಅಂಗಡಿಯಲ್ಲಿ ಸಿಗಲ್ಲ. ನನ್ನ ಹತ್ತಿರ ಇರುವುದು ಇರಬಹುದು.

ಇದು ಆಮೇಲಿನ ಮಾತು. ಸೆಪ್ಟೆಂಬರ್ 2ಕ್ಕೆ ಬರುತ್ತೇನೆ.

ಮೀಟಿಂಗ್ ಒಂದನ್ನು ತಪ್ಪಿಸಿ 2:30ಕ್ಕೇ ಅಂಗಡಿಯಲ್ಲಿದ್ದೆ. ಹಿರಿಯರು ಗೋಡೆ ಗಡಿಯಾರ ತೋರಿಸಿ ‘ಕಾಫಿ ಕುಡಿಯಿರಿ’ ಅಂದರು. 2:41 ದಾಟಿದ ಮೇಲೆ ಪೆಟ್ಟಿಗೆ ಬಂತು. ಮನೆಯಲ್ಲಿ ಸೇಫ್ ಇದೆ ಅಂತ ಕಂಪನಿ, ಮಾದರಿ ಬರೆದು ಸಹಿ ಮಾಡಿದೆ. ಸೇಫ್ ಮೊದಲು, ಪಿಸ್ತೂಲು ಆಮೇಲೆ ಅನ್ನುವುದು ಹೆಂಡತಿಯ ಷರತ್ತಾಗಿತ್ತು, ಒಂಬತ್ತು ವರ್ಷದ ಮಗಳಿದ್ದಾಳೆ. ರಾಜ್ಯಕ್ಕಿಂತ ಮೊದಲು ಕಾಯ್ದೆ ಮಾಡಿದ್ದು ಅವಳೇ.

ಕೊನೆಯದಾಗಿ, ಪಿಸ್ತೂಲನ್ನು ಸುರಕ್ಷಿತವಾಗಿ ಹಿಡಿಯಲು ಬರುತ್ತದೆ ಅಂತ ಮಾಡಿ ತೋರಿಸಬೇಕು. ಮ್ಯಾಗಜಿನ್ ತೆಗೆಯಬೇಕು, ಸ್ಲೈಡ್ ಹಿಂದಕ್ಕೆ ಎಳೆದು ನಿಲ್ಲಿಸಬೇಕು, ಒಳಗೆ ಕಣ್ಣಲ್ಲೂ ಬೆರಳಲ್ಲೂ ನೋಡಬೇಕು, ಬಣ್ಣದ ಡಮ್ಮಿ ಗುಂಡು ಒಂದು ಹಾಕಿ, ತೆಗೆದು, ಬೀಗ ಹಾಕಬೇಕು. ಡಮ್ಮಿ ಗುಂಡು ಕಿತ್ತಳೆ ಬಣ್ಣದ್ದು, ಮಕ್ಕಳ ಪೆಪ್ಪರ್‌ಮಿಂಟ್ ಥರ.

ಎಡಗೈಯಲ್ಲಿ ಹಿಡಿದೆ. ಮ್ಯಾಗಜಿನ್ ಗುಂಡಿಗೆ ತೋರುಬೆರಳು ಹಿಂದಕ್ಕೆ ಬಾಗಿಸಿ ಒತ್ತಬೇಕು. ಎರಡನೇ ಸಲಕ್ಕೆ ಬಿಟ್ಟಿತು. ಈಗ ಸ್ಲೈಡ್. ಬಲಗೈಯಲ್ಲಿ ಹಿಂದಕ್ಕೆ ಎಳೆದು, ಅದೇ ಹೊತ್ತಿಗೆ ಲಿವರ್ ಮೇಲೆತ್ತಬೇಕು. ಲಿವರ್ ತೆಳ್ಳಗೆ, ಫ್ರೇಮಿಗೆ ಅಂಟಿಕೊಂಡಿದೆ. ತೋರುಬೆರಳಿನ ತುದಿ ಅದರ ಕೆಳಗೆ ಹೋಗಬೇಕು. ಜಾರಿತು. ಸ್ಲೈಡ್ ಫಟ್ ಅಂತ ಮುಂದಕ್ಕೆ ಬಡಿಯಿತು. ಮತ್ತೆ ಎಳೆದೆ. ಮತ್ತೆ ಜಾರಿತು. ಮೂರನೇ ಸಲ ಬೆರಳು ಜಾರಿ ಎಲ್ಲಿಗೆ ಹೋಗಿ ನಿಂತಿತು ಅಂತ ನನಗಿಂತ ಮೊದಲು ಹಿರಿಯರು ನೋಡಿದರು. ‘ಟ್ರಿಗರ್!’ ಅಂದರು, ಜೋರಾಗಿ ಅಲ್ಲ. ಟ್ರಿಗರ್ ಸುತ್ತಲಿನ ಕೊಂಕಿಯೊಳಗೆ ನನ್ನ ಬೆರಳು ಅರ್ಧ ಇಂಚು ಒಳಗಿತ್ತು. ಖಾಲಿ ಪಿಸ್ತೂಲು, ಮೂತಿ ಮರಳಿನ ಬಕೆಟ್ ಕಡೆಗೆ. ಏನೂ ಆಗುವಂತಿರಲಿಲ್ಲ. ಆದರೂ ಕಿವಿ ಬಿಸಿಯಾಯಿತು. ಎಂಟನೇ ವಯಸ್ಸಿನಿಂದ ಕೋವಿ ನೋಡಿದವನು ನಾನು.

ಹಿರಿಯರು ಬಯ್ಯಲಿಲ್ಲ. ಪಿಸ್ತೂಲು ತೆಗೆದುಕೊಂಡು ತಮ್ಮ ಎಡಗೈಗೆ ಹಾಕಿಕೊಂಡರು. ‘ಎಡಗೈಯವರಿಗೆ ನಾನು ಹೇಳಿಕೊಡೋದು ಹೀಗೆ’ ಅಂದು ಬಲಗೈಯನ್ನು ಸ್ಲೈಡ್ ಮೇಲಿಂದ ದಾಟಿಸಿ ಹಿಡಿದು, ಹಿಂದಕ್ಕೆ ತಳ್ಳಿ, ಬಲಗೈ ಹೆಬ್ಬೆರಳಲ್ಲೇ ಲಿವರ್ ಎತ್ತಿ ತೋರಿಸಿದರು. ತೋರುಬೆರಳು ಅಲುಗಾಡಲೇ ಇಲ್ಲ. ನಾನು ಮಾಡಿದೆ. ಐದನೇ ಸಲಕ್ಕೆ ನಿಂತಿತು. ಸಹಿ ಮಾಡಿದರು. ‘ಮನೆಯಲ್ಲಿ ಇನ್ನೂರು ಸಲ ಮಾಡಿ’ ಅಂದು ಆ ಕಿತ್ತಳೆ ಗುಂಡುಗಳಲ್ಲಿ ಎರಡನ್ನು ಪೆಟ್ಟಿಗೆಯೊಳಗೆ ಹಾಕಿದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ರಾತ್ರಿ ಎಂಟಕ್ಕೆ ಅಪ್ಪ ವಿಡಿಯೊ ಕಾಲ್ ಮಾಡಿದರು. ಅಲ್ಲಿ ಸೆಪ್ಟೆಂಬರ್ 3ರ ಬೆಳಿಗ್ಗೆ. ಹೊರಗೆ ಮಳೆ ಸದ್ದು. ನಡುಮನೆಯ ನೆಲ್ಲಕ್ಕಿ ದೀಪದ ಹತ್ತಿರ ಎರಡು ಕೋವಿ ಒರಗಿಸಿದ್ದರು, ಎರಡರ ಬಾಯಲ್ಲೂ ತೋಕ್ ಪೂ, ಕೆಂಪು ಹಳದಿ. ಮಗಳು ಪರದೆಗೆ ಮೂಗು ತಾಗಿಸಿ ನೋಡಿದಳು. ನಾನು ಸೇಫಿನಿಂದ ಪಿಸ್ತೂಲು ತೆಗೆದು, ಖಾಲಿ ಇದೆ ಅಂತ ಎರಡೆರಡು ಸಲ ನೋಡಿ, ಬೀಗ ಹಾಕಿದ ಹಾಗೇ ದೇವರ ಮುಂದೆ ಬಟ್ಟೆಯ ಮೇಲೆ ಇಟ್ಟೆ. ಇಲ್ಲಿ ತೋಕ್ ಪೂ ಎಲ್ಲಿ ಬರಬೇಕು, ಹೆಂಡತಿ ಹಿತ್ತಲಿನಿಂದ ಒಂದು ದಾಸವಾಳ ತಂದಳು. ಹೂವಿನ ತೊಟ್ಟು ಮೂತಿಯೊಳಗೆ ಹೋಗಲಿಲ್ಲ. ಪಕ್ಕಕ್ಕೆ ಇಟ್ಟಳು.

‘ಇಷ್ಟು ಚಿಕ್ಕದಾ!’ ಅಂದರು ಅಪ್ಪ. ಆಮೇಲೆ ಕೇಳಿದರು, ‘ಎಡಗೈಗೆ ಸರಿ ಬರ್ತದಾ ಮೋನೇ?’

‘ಇಲ್ಲಪ್ಪ’ ಅಂದೆ. ‘ಸರಿ ಬರುವಂಥದ್ದು ಇತ್ತು. ಅದನ್ನ ನನಗೆ ಕೊಡಲಿಲ್ಲ.’

‘ಯಾಕೆ?’

ಪಟ್ಟಿಯ ಕಥೆ ಹೇಳಲು ಶುರು ಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅಮ್ಮ ಒಳಗಿನಿಂದ ಕಡಂಬುಟ್ಟು ಆರುತ್ತದೆ ಅಂತ ಕರೆದರು. ಅಪ್ಪ ಫೋನನ್ನು ಕೋವಿಗಳ ಕಡೆಗೇ ತಿರುಗಿಸಿಟ್ಟು ಊಟಕ್ಕೆ ಹೋದರು.